ನಾನೂರು ಫೋಟೋಗೆ ಒಂದೇ ಸ್ಕ್ರಿಪ್ಟು

"ಏನ್ಲಾ ಮಗ, ಇದು ನಮ್ಮ ಸೊಪ್ಪಾ?"

ರಾಮನಾಥಪುರದಿಂದ ಚಿಕ್ಕಪ್ಪ ಫೋನ್ ಮಾಡಿ ಕೇಳಿದ ಮೊದಲ ಮಾತೇ ಇದು. ಹಿಂದಿನ ವಾರ ಊರಿಗೆ ಹೋಗಿದ್ದಾಗ ಅವರ ಹೊಗೆಸೊಪ್ಪಿನ ಬ್ಯಾರನ್ ಸುತ್ತಮುತ್ತ ನಾನೂರು ಚಿಲ್ಲರೆ ಫೋಟೋ ತೆಗೆದಿದ್ದೆ. ಬೆಂಗಳೂರಿಗೆ ವಾಪಸ್ ಬಂದು ಭಾನುವಾರ ರಾತ್ರಿ ಒಂದು ಸ್ಕ್ರಿಪ್ಟ್ ಓಡಿಸಿ ಊಟಕ್ಕೆ ಕೂತೆ. ಕೈ ತೊಳೆದು ಬರೋ ಹೊತ್ತಿಗೆ ನಾನೂರೂ ಎಡಿಟ್ ಆಗಿದ್ದವು. ಚೆನ್ನಾಗಿ ಕಂಡ ಒಂದಿಪ್ಪತ್ತನ್ನ ವಾಟ್ಸಾಪಿನಲ್ಲಿ ಕಳಿಸಿ, ಹೊಗಳಿಕೆಗೆ ಕಾಯ್ತಾ ಇದ್ದೆ.

ಚಿಕ್ಕಪ್ಪ ಹೊಗಳಲಿಲ್ಲ. "ನಮ್ದು ಮೀಡಿಯಂ ಕಣೋ. ನಿನ್ ಫೋಟೋದಲ್ಲಿ ಬ್ರೈಟ್ ಆಗ್ಬಿಟ್ಟಿದೆ. ಈ ಸಲ ಬೇಲ್ ಬದಲು ನಿನ್ ಕಂಪ್ಯೂಟರ್‌ನೇ ಹರಾಜಿಗೆ ಹಾಕ್ತೀನಿ ಬಿಡು" ಅಂತ ನಕ್ಕರು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಅಂದ್ರೆ ಹೊರಗಿನವರಿಗೆ ಕಾವೇರಿ ದಂಡೆ, ರಾಮೇಶ್ವರ ದೇವಸ್ಥಾನ, ಸುಬ್ರಹ್ಮಣ್ಯನ ಷಷ್ಠಿ ಜಾತ್ರೆ, ಹೊಳೆಯ ದೇವರ ಮೀನು. ಬೆಳೆಗಾರರ ಮನೆಗಳಿಗೆ ಅದು ಮೊದಲು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಅಲ್ಲಿ ವರ್ಜಿನಿಯಾ ಸೊಪ್ಪಿಗೆ ಬ್ರೈಟ್, ಮೀಡಿಯಂ, ಲೋ ಅಂತ ದರ್ಜೆಗಳಿವೆ. ನಿಂಬೆ ಹಳದಿಯೋ, ಕಿತ್ತಳೆಯೋ, ಕಂದೋ ಅನ್ನೋದರ ಮೇಲೆ ವರ್ಷದ ಲೆಕ್ಕಾಚಾರ ನಿಂತಿರುತ್ತೆ. ಬಣ್ಣದ ವಿಷಯದಲ್ಲಿ ಚಿಕ್ಕಪ್ಪನ ಕಣ್ಣಿಗಿಂತ ಒಳ್ಳೆಯ ಮಾನಿಟರ್ ನಮ್ಮ ಆಫೀಸಿನಲ್ಲೂ ಇಲ್ಲ.

ಹಾಗಾಗಿ ನಗು ಮುಗಿದ ಮೇಲೆ, ನನ್ನ ಸ್ಕ್ರಿಪ್ಟ್ ನಿಜಕ್ಕೂ ಏನು ಮಾಡ್ತು ಅಂತ ಬಿಚ್ಚಿ ನೋಡಿದೆ.

ನಾನು ಬಳಸಿದ್ದು ಡಾರ್ಕ್‌ಟೇಬಲ್. ದುಡ್ಡು ಕೊಡಬೇಕಿಲ್ಲ, 2009ರಿಂದ ಇದೆ, ಲೈಟ್‌ರೂಮ್ ಮಾಡೋ ಬಹುಪಾಲು ಕೆಲಸ ಮಾಡುತ್ತೆ. ಕ್ಯಾಮೆರಾ ಕೊಟ್ಟ ರಾ ಫೈಲನ್ನ ಇದು ಮುಟ್ಟೋದಿಲ್ಲ. ನೀವು ಮಾಡಿದ ಪ್ರತಿ ಬದಲಾವಣೆಯನ್ನ ಪಕ್ಕದಲ್ಲೇ ಒಂದು ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತೆ. ಮೂಲಕ್ಕೆ ಕೈ ಹಾಕದ ಎಡಿಟಿಂಗ್ ಅಂದ್ರೆ ಇದು. ಬದಲಾವಣೆಗಳನ್ನೆಲ್ಲ ಒಂದು ಸ್ಟೈಲ್ ಆಗಿ ಕಟ್ಟಿಟ್ಟುಕೊಂಡು, ಡಾರ್ಕ್‌ಟೇಬಲ್-ಸಿಎಲ್‌ಐ ಅನ್ನೋ ಕಮಾಂಡಿನಿಂದ ಫೋಲ್ಡರಿಗೆ ಫೋಲ್ಡರ್ರೇ ಓಡಿಸಬಹುದು. ನಾನು ಕಟ್ಟಿದ್ದ ಸ್ಟೈಲಿನಲ್ಲಿ ಲೆನ್ಸ್ ತಿದ್ದುಪಡಿ, ನಾಯ್ಸ್ ಕಡಿಮೆ ಮಾಡೋದು, ಸ್ವಲ್ಪ ಶಾರ್ಪ್‌ನೆಸ್ ಇದ್ದವು. ಜೊತೆಗೆ ಎಕ್ಸ್‌ಪೋಷರನ್ನ ಆಟೋಮ್ಯಾಟಿಕ್‌ಗೆ ಇಟ್ಟಿದ್ದೆ. ನಾನೂರನ್ನೂ ಯಾರು ಒಂದೊಂದಾಗಿ ನೋಡ್ತಾರೆ?

ಆ ಆಟೋಮ್ಯಾಟಿಕ್ ಮಾಡೋ ಕೆಲಸ ಬಹಳ ಸರಳ. ಫೋಟೋದ ಪಿಕ್ಸೆಲ್‌ಗಳನ್ನ ಕತ್ತಲಿನಿಂದ ಬೆಳಕಿಗೆ ಸಾಲಾಗಿ ನಿಲ್ಲಿಸಿ, ನಡುವಿನದ್ದು ಎಲ್ಲಿದೆ ನೋಡಿ, ಅದನ್ನ ಒಂದು ಗೊತ್ತಾದ ಮಟ್ಟಕ್ಕೆ ಏರಿಸುತ್ತೆ ಇಲ್ಲವೇ ಇಳಿಸುತ್ತೆ. ಫ್ರೇಮಿನಲ್ಲಿ ಇರೋದು ಸೊಪ್ಪೋ, ಮುಖವೋ, ಮಸಿ ಹಿಡಿದ ಗೋಡೆಯೋ ಅದಕ್ಕೆ ಗೊತ್ತಿಲ್ಲ. ಬ್ಯಾರನ್ ಒಳಗೆ ತೆಗೆದ ಫೋಟೋದಲ್ಲಿ ಮುಕ್ಕಾಲು ಭಾಗ ಕತ್ತಲೆ, ಹಾಗಾಗಿ ಎಲ್ಲವನ್ನೂ ಎತ್ತಿಬಿಡ್ತು. ಕಂದು ಅಂದ್ರೆ ಮಂಕು ಬೆಳಕಿನ ಕಿತ್ತಳೆ ಅಷ್ಟೇ ತಾನೆ, ಎತ್ತಿದ ತಕ್ಷಣ ಕಂದು ಸೊಪ್ಪು ಕಿತ್ತಳೆ ಆಯ್ತು. ಚಿಕ್ಕಪ್ಪನ ಮೀಡಿಯಂ ನನ್ನ ಲ್ಯಾಪ್‌ಟಾಪಿನಲ್ಲಿ ಬ್ರೈಟ್ ಆಗಿದ್ದು ಹೀಗೆ.

ಇಷ್ಟೇ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಸೊಪ್ಪು ನೋಡಿ ಮುಗಿಸಿ ಮನುಷ್ಯರ ಫೋಟೋಗೆ ಬಂದಾಗ ಸುಮ್ಮನಿರೋಕೆ ಆಗಲಿಲ್ಲ. ಚಿಕ್ಕಪ್ಪ ಕಪ್ಪು. ಬಿಸಿಲಿನಲ್ಲಿ ಗದ್ದೆ-ಹೊಲ, ರಾತ್ರಿ ಬ್ಯಾರನ್ ಒಲೆಯ ಮುಂದೆ ಸೌದೆ ತಳ್ಳೋದು. ಆ ಮೈಬಣ್ಣ ನನಗೆ ಚಿಕ್ಕಂದಿನಿಂದ ಗೊತ್ತು. ನನ್ನ ಫೋಲ್ಡರಿನಲ್ಲಿ ಅವರು ನಾಲ್ಕು ಬಣ್ಣದವರು. ಬ್ಯಾರನ್ ಒಳಗೆ ಗೋಧಿ ಬಣ್ಣ, ಜಗಲಿಯಲ್ಲಿ ಬೂದಿ ಬಳಿದ ಹಾಗೆ, ಹೊಳೆ ದಂಡೆಯಲ್ಲಿ ಆಕಾಶದ ಬೆಳಕಿಗೆ ಹೆದರಿದ ಆಟೋಮ್ಯಾಟಿಕ್ ಎಲ್ಲವನ್ನೂ ಕೆಳಗೆ ತಳ್ಳಿದ್ದರಿಂದ ಬರೀ ನೆರಳು. ಒಂದರಲ್ಲಿ ಮಾತ್ರ, ಅಕಸ್ಮಾತ್ತಾಗಿ, ಅವರ ಹಾಗೇ ಇದ್ದರು. ಪಕ್ಕದಲ್ಲಿ ನಿಂತಿದ್ದ ನಾನು (ಎಸಿ ಆಫೀಸಿನ ಮೈಬಣ್ಣ) ನಾಲ್ಕರಲ್ಲೂ ಹೆಚ್ಚುಕಮ್ಮಿ ಸರಿಯಾಗೇ ಕಾಣ್ತಿದ್ದೆ.

ಇದು ಹೊಸ ಕಥೆಯೇನಲ್ಲ. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಪ್ರಿಂಟಿನ ಬಣ್ಣ ಸರಿಹೊಂದಿಸೋಕೆ ಕೊಡಾಕ್ ಕಳಿಸ್ತಿದ್ದ ಮಾದರಿ ಚಿತ್ರ ಇಟ್ಕೊಳ್ತಿದ್ದವು. ಅದಕ್ಕೆ 'ಶರ್ಲಿ ಕಾರ್ಡ್' ಅಂತ ಹೆಸರು. ದಶಕಗಟ್ಟಲೆ ಅದರಲ್ಲಿ ಇದ್ದದ್ದು ಬಿಳಿ ಚರ್ಮದ ಹೆಂಗಸು. ಆಕೆ ಸರಿಯಾಗಿ ಬಂದ್ರೆ ಮೆಷಿನ್ ಸರಿ ಇದೆ ಅಂತ ಲೆಕ್ಕ. ಉಳಿದವರ ಗತಿ ಅವರವರ ಅದೃಷ್ಟ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಜೊತೆ 'ರಿಯಲ್ ಟೋನ್' ಅಂತ ತಂದು, ಕಪ್ಪು ಮೈಬಣ್ಣವನ್ನ ಇರೋ ಹಾಗೆ ತೋರಿಸೋದನ್ನೇ ದೊಡ್ಡದಾಗಿ ಹೇಳಿಕೊಳ್ಳಬೇಕಾಯ್ತು. ಅಂದ್ರೆ ಅಲ್ಲಿ ತನಕ ಏನು ನಡೀತಿತ್ತು ಅಂತ ನೀವೇ ಊಹಿಸಿ. ನಾವು ಇನ್‌ಸ್ಟಾಗ್ರಾಂನಲ್ಲಿ ಕೊಂಡುಕೊಳ್ಳೋ 'ಟೆಂಪಲ್', 'ವಿಲೇಜ್' ಪ್ರಿಸೆಟ್‌ಗಳೂ ಇದೇ ವಂಶದವು. ಕಲ್ಲನ್ನೆಲ್ಲ ಚಿನ್ನ ಮಾಡಿ, ಹೊಳೆಯನ್ನೆಲ್ಲ ನವಿಲು ನೀಲಿ ಮಾಡಿ, ಮನುಷ್ಯರನ್ನ ಒಂದೆರಡು ಶೇಡ್ ಮೇಲೆತ್ತಿ ಕೈತೊಳೆದುಕೊಳ್ತವೆ.

ನನ್ನ ತಕರಾರು ಸ್ಕ್ರಿಪ್ಟ್ ಮೇಲಲ್ಲ. ಒಂದೇ ಕೆಲಸವನ್ನ ನಾನೂರು ಸಲ ಕೈಯಲ್ಲಿ ಮಾಡೋದರಲ್ಲಿ ಯಾವ ಕಲೆಯೂ ಇಲ್ಲ, ಬೆರಳುನೋವು ಮಾತ್ರ ಇದೆ. ತಕರಾರು ಇರೋದು 'ಅದೇ ಕೆಲಸ ಮತ್ತೆ ಮಾಡುತ್ತೆ' ಅನ್ನೋ ಮಾತಿನ ಮೇಲೆ. ಆಟೋಮ್ಯಾಟಿಕ್ ಮತ್ತೆ ಮತ್ತೆ ಬಳಸೋದು ಒಂದೇ ನಿಯಮವನ್ನ, ಆದ್ರೆ ಫಲಿತಾಂಶ ಫ್ರೇಮಿಗೊಂದು. ಅದೇ ನಾನು ಕ್ಯಾಮೆರಾವನ್ನ ಮ್ಯಾನ್ಯುಯಲ್‌ನಲ್ಲಿಟ್ಟು, ಬ್ಯಾರನ್ ಒಳಗಿನ ಎಲ್ಲ ಫೋಟೋಗೂ ಒಂದು ನಿಗದಿತ ಸಂಖ್ಯೆ ಕೊಟ್ಟಿದ್ದರೆ, ಬೆಳಕು ಬದಲಾಗದ ತನಕ ಚಿಕ್ಕಪ್ಪ ಎಲ್ಲದರಲ್ಲೂ ಒಂದೇ ಬಣ್ಣದವರಾಗಿ ಇರ್ತಿದ್ರು. ಆ ಸಂಖ್ಯೆಯನ್ನ ನಿರ್ಧರಿಸೋಕೆ ಒಂದು ಫೋಟೋವನ್ನಾದ್ರೂ ಕಣ್ಣಿಟ್ಟು ನೋಡಬೇಕಿತ್ತು. ನಾನು ತಪ್ಪಿಸಿಕೊಂಡಿದ್ದು ಅದೊಂದೇ ಕೆಲಸ.

ಡಾರ್ಕ್‌ಟೇಬಲ್ ಬಗ್ಗೆ ಒಂದು ನಿಜವಾದ ದೂರು ಇದೆ. ಅದರ ಎಕ್ಸ್‌ಎಂಪಿ ಫೈಲನ್ನ ತೆರೆದು ನೋಡಿ. ಯಾವ ಮಾಡ್ಯೂಲ್ ಬಳಸಿದ್ದೀರಿ ಅಂತ ಹೆಸರು ಕಾಣುತ್ತೆ, ಎಷ್ಟು ಬಳಸಿದ್ದೀರಿ ಅನ್ನೋದು ಮಾತ್ರ ಅಕ್ಷರ-ಅಂಕಿಗಳ ಉದ್ದದ ಬಾಲವಾಗಿ, ಮನುಷ್ಯರು ಓದದ ಹಾಗೆ ಇರುತ್ತೆ. ಲೈಟ್‌ರೂಮಿನ ಎಕ್ಸ್‌ಎಂಪಿಯಲ್ಲಿ ಎಕ್ಸ್‌ಪೋಷರ್ ಇಷ್ಟು ಅಂತ ಸೀದಾ ಬರೆದಿರುತ್ತೆ. ರಾಥೆರಪಿಯ ಪಿಪಿ3 ಫೈಲಂತೂ ದಿನಸಿ ಚೀಟಿಯಷ್ಟು ಸಲೀಸು, ಯಾವ ಎಡಿಟರಿನಲ್ಲಾದ್ರೂ ತೆರೆದು ಓದಬಹುದು, ತಿದ್ದಬಹುದು. ಮೂಲ ಹಾಗೇ ಉಳಿದಿದೆ ಅನ್ನೋದು ಅರ್ಧ ಭರವಸೆ ಅಷ್ಟೇ. ಮೂಲಕ್ಕೆ ಏನು ಮಾಡಿದೆ ಅಂತ ಹತ್ತು ವರ್ಷ ಆದ್ಮೇಲೆ ಆ ಪ್ರೋಗ್ರಾಂ ಇಲ್ಲದೆಯೂ ಓದೋ ಹಾಗಿದ್ರೆ ಅದು ಪೂರ್ತಿಯಾಗುತ್ತೆ. ಡಾರ್ಕ್‌ಟೇಬಲ್‌ನವರಿಗೆ ಇದರಿಂದ ಏನೋ ಅನುಕೂಲ ಇರಬಹುದು, ನನಗಿಲ್ಲ. ಹಳೆಯ ಎಡಿಟ್‌ಗಳು ಹೊಸ ಆವೃತ್ತಿಯಲ್ಲೂ ಹಳೆಯ ಹಾಗೇ ಕಾಣೋ ಥರ ಅವರು ಕಾಪಾಡಿಕೊಂಡು ಬಂದಿದ್ದಾರೆ, ಅದಕ್ಕೆ ಮಾತ್ರ ಸಲಾಂ.

ಹಾಗಾಗಿ ಈ ವರ್ಷ ರಾಥೆರಪಿಗೆ ಬದಲಾಯಿಸಿಕೊಂಡೆ. ಅದರ ಕಮಾಂಡ್‌ಲೈನಿನಲ್ಲಿ ಒಂದಕ್ಕಿಂತ ಹೆಚ್ಚು ಪಿಪಿ3 ಕೊಡಬಹುದು, ಒಂದರ ಮೇಲೊಂದು ಕೂರುತ್ತವೆ. ಮೊದಲನೆಯದರಲ್ಲಿ ಲೆನ್ಸ್, ನಾಯ್ಸ್‌ನಂಥ ಯಾರಿಗೂ ಹೊಡೆತ ಬೀಳದ ಕೆಲಸಗಳು. ಎರಡನೆಯದು ಜಾಗಕ್ಕೊಂದು: ಬ್ಯಾರನ್, ಜಗಲಿ, ಹೊಳೆ ದಂಡೆ. ಇದರ ವೈಟ್ ಬ್ಯಾಲೆನ್ಸನ್ನ ಆ ಜಾಗದಲ್ಲೇ ತೆಗೆದ ಗ್ರೇ ಕಾರ್ಡಿನ ಫೋಟೋದಿಂದ ತಗೊಂಡೆ. ಇಡೀ ಫ್ರೇಮ್ ಹಳದಿ ಸೊಪ್ಪೇ ತುಂಬಿದಾಗ ಆಟೋ ವೈಟ್ ಬ್ಯಾಲೆನ್ಸ್ ಆ ಹಳದಿಯನ್ನೇ ದೋಷ ಅಂತ ತಿಳಿದು ಕಳೆಯೋಕೆ ನೋಡುತ್ತೆ, ಅದಕ್ಕೇ ಅದನ್ನ ನಂಬಲಿಲ್ಲ. ಕೊನೆಗೆ ಯಾವುದಾದರೂ ಮುಖಕ್ಕೆ ಬೇರೆ ಬೇಕು ಅನ್ನಿಸಿದ್ರೆ ಆ ಫೋಟೋದ್ದೇ ಪಿಪಿ3, ಎಲ್ಲಕ್ಕಿಂತ ಮೇಲೆ. ಕೈಯಲ್ಲಿ ತಿದ್ದಬೇಕಾಗಿದ್ದು ನಾನೂರರಲ್ಲಿ ಮೂವತ್ತೊಂದು. ಒಂದು ಸಂಜೆಯ ಕೆಲಸ.

ರಾ ಇದ್ದದ್ದರಿಂದ ಹಿಂದಿನ ವರ್ಷದ ನಾನೂರನ್ನೂ ಮತ್ತೆ ತೆಗೆದೆ. ಅದಕ್ಕೂ ಹಿಂದಿನವು ಹಾಗಿಲ್ಲ. ಆಗ ನನ್ನ ಹತ್ತಿರ ಇದ್ದದ್ದು ಬರೀ ಜೆಪೆಗ್ ಕೊಡೋ ಪುಟ್ಟ ಕ್ಯಾಮೆರಾ. ಅಜ್ಜಿಯ ಕೊನೆಯ ಷಷ್ಠಿ ಜಾತ್ರೆ, ತೇರಿನ ಹಿಂದೆ ಬಾಳೆಹಣ್ಣು-ದವನ ಹಿಡಿದು ನಿಂತಿದ್ದಾಳೆ. ಆ ಫೋಲ್ಡರಿನ ಮೇಲೆ ನಾನು ಇಮೇಜ್‌ಮ್ಯಾಜಿಕ್‌ನ ಮಾಗ್ರಿಫೈ ಓಡಿಸಿದ್ದೆ. ಬೇರೆ ಜಾಗ ತೋರಿಸದಿದ್ರೆ ಅದು ಮೂಲದ ಮೇಲೇ ಬರೆಯುತ್ತೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ, ನಾನು ಓದಿರಲಿಲ್ಲ. ಬೆಳಕು ಎತ್ತಿಸಿ, ಸೈಜ್ ಇಳಿಸಿ, ಪೆನ್‌ಡ್ರೈವಿನಲ್ಲಿ ಜಾಗ ಉಳಿಯಿತು ಅಂತ ಖುಷಿಪಟ್ಟಿದ್ದೆ. ಅಜ್ಜಿಯ ಹಣೆ, ಕೆನ್ನೆ ಈಗ ಒಂದು ಬಿಳಿ ತೇಪೆ. ಅಲ್ಲಿದ್ದ ಸುಕ್ಕುಗಳ ಮಾಹಿತಿಯೇ ಫೈಲಿನಲ್ಲಿಲ್ಲ. ಎಐ ಹಾಕಿ ತುಂಬಿಸಬಹುದು ಅಂತ ಗೆಳೆಯ ಹೇಳಿದ. ತುಂಬೋದು ಇನ್ಯಾರದೋ ಅಜ್ಜಿಯ ಸುಕ್ಕು ಅಲ್ವಾ, ಬೇಡ ಅಂದೆ.

ಹೊಸ ಸ್ಕ್ರಿಪ್ಟಿನ ಮೊದಲ ಸಾಲು ಮೂಲದ ಫೋಲ್ಡರನ್ನ ಓದೋದಕ್ಕೆ ಮಾತ್ರ ಅಂತ ಬೀಗ ಹಾಕುತ್ತೆ. ಉಳಿದ ಕೆಲಸ ಎಲ್ಲ ಆಮೇಲೆ.

ಚಿಕ್ಕಪ್ಪನಿಗೆ ಈ ಸಲದ ಫೋಟೋಗಳನ್ನ ವಾಟ್ಸಾಪ್ ಮಾಡಲಿಲ್ಲ, ಪ್ರಿಂಟ್ ಹಾಕಿಸಿ ತಗೊಂಡು ಹೋದೆ. ಜಗಲಿಯ ಬೆಳಕಿಗೆ ಹಿಡಿದು ಒಂದೊಂದೇ ತಿರುವಿ ಹಾಕಿದ್ರು. ತಮ್ಮ ಫೋಟೋ ಬಂದಾಗ ಏನೂ ಹೇಳದೆ ಮುಂದಕ್ಕೆ ಹೋದ್ರು. ಸೊಪ್ಪಿನದು ಬಂದಾಗ ನಿಂತು, ಕನ್ನಡಕ ಹಣೆಗೆ ಏರಿಸಿ, "ಹ್ಞೂಂ, ಮೀಡಿಯಮ್ಮೇ" ಅಂದು, ಒಳಗೆ ಚಿಕ್ಕಮ್ಮನಿಗೆ ಕಾಫಿ ಹೇಳಿದ್ರು.