ಬೆಟ್ಟದ ಚಿತ್ರದಲ್ಲಿ ದಾರಿ ತೋರಿದವನು

ಪೋಲೆಂಡಿನ ಭೂದೃಶ್ಯ ಚಿತ್ರಗಳ ಚರಿತ್ರೆ ಯಾನ್ ನೆಪೊಮುತ್ಸೆನ್ ಗ್ವೊವಾತ್ಸ್ಕಿಯನ್ನು (1802–1847) ಬಿಟ್ಟು ಮುಂದೆ ಸಾಗುವುದಿಲ್ಲ. ಕ್ರಾಕುವ್ ನಗರದ ಈ ಕಲಾವಿದ 1830ರ ದಶಕದಲ್ಲಿ ತಾತ್ರಾ ಪರ್ವತಗಳನ್ನೂ ಅಲ್ಲಿನ ಮೊರ್ಸ್ಕೀ ಒಕೊ ಸರೋವರವನ್ನೂ ಚಿತ್ರಿಸಿದ. ಆ ಹೆಸರಿನ ಅರ್ಥ 'ಕಡಲ ಕಣ್ಣು'. ಆಗ ಪೋಲೆಂಡ್ ಎಂಬ ಸ್ವತಂತ್ರ ರಾಜ್ಯವೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡಿದ್ದವು. ತಾತ್ರಾ ಆಸ್ಟ್ರಿಯಾದ ಪಾಲಿಗೆ ಹೋಗಿತ್ತು. ಹಾಗಾಗಿ ಆ ಶಿಖರಗಳನ್ನು ಬರೆಯುವುದೆಂದರೆ ಭೂಪಟದಲ್ಲಿ ಅಳಿಸಿಹೋದ ನಾಡೊಂದನ್ನು ಕಣ್ಣೆದುರು ಉಳಿಸಿಕೊಳ್ಳುವುದೂ ಆಗಿತ್ತು.

ಈ ಪರಂಪರೆಯ ಬೆಟ್ಟದ ಚಿತ್ರಗಳಲ್ಲಿ ಮುನ್ನೆಲೆಯ ಪುಟ್ಟ ಮನುಷ್ಯಾಕೃತಿಗಳನ್ನು ಮತ್ತೆ ಮತ್ತೆ ಕಾಣುತ್ತೇವೆ: ಪಟ್ಟಣದ ಉಡುಪಿನ ಪ್ರಯಾಣಿಕರು, ಜೊತೆಗೆ ಗುಡ್ಡಗಾಡಿನ ಮಾರ್ಗದರ್ಶಿ. ಇವರಿರುವುದು ಬೆಟ್ಟದ ಎತ್ತರ ನಮಗೆ ತಿಳಿಯಲೆಂದು ಎಂಬುದು ಕಲಾಪಾಠಗಳ ಸಿದ್ಧ ಉತ್ತರ. ಆ ಉತ್ತರ ತಪ್ಪಲ್ಲ, ಆದರೆ ಸಾಲದು. ಅಳತೆಗೋಲಾಗಲು ಒಂದು ಆಕೃತಿ ಸಾಕಿತ್ತು. ಇಬ್ಬರು ಬಂದರೆ ಅಳತೆಯ ಜೊತೆಗೆ ಸಂಬಂಧವೂ ಬರುತ್ತದೆ.

ಪ್ರಯಾಣಿಕನಿಗೆ ಬೆಟ್ಟ ಒಂದು ನೋಟ. ಮಾರ್ಗದರ್ಶಿಗೆ ಅದು ಕುರಿ ಮೇಯಿಸುವ ಹುಲ್ಲುಗಾವಲು, ಬೇಟೆಯ ಜಾಗ, ಕೂಲಿ ಸಿಗುವ ದಾರಿ. ಒಬ್ಬ ಬೆರಗಾಗಲು ಬಂದವನು, ಇನ್ನೊಬ್ಬ ಆ ಬೆರಗನ್ನು ಸಾಧ್ಯವಾಗಿಸುವವನು. ಗುರುತು ಹಾಕಿದ ಹಾದಿಗಳಿಲ್ಲದ ಆ ಕಾಲದಲ್ಲಿ ಕಲಾವಿದನಿಗೂ ಸ್ಥಳೀಯರ ತಿಳಿವಳಿಕೆ ಬೇಕಿತ್ತು. ಎಂದರೆ ನಾವು ಸೌಂದರ್ಯವೆಂದು ಮೆಚ್ಚುವ ದೃಷ್ಟಿಕೋನದ ಹಿಂದೆ ದಾರಿ ಬಲ್ಲವನೊಬ್ಬನ ನಡಿಗೆಯಿದೆ. ಚಿತ್ರದ ಮೂಲೆಯಲ್ಲಿ ಚಿಕ್ಕದಾಗಿ ನಿಂತವನು ಚಿತ್ರದ ಹೊರಗೂ ದುಡಿದಿದ್ದಾನೆ.

ಬೆಟ್ಟದೆದುರು ಎಲ್ಲರೂ ಚಿಕ್ಕವರೇ, ಇದರಲ್ಲಿ ವರ್ಗವನ್ನು ಹುಡುಕುವುದೇಕೆ ಎಂದು ಕೇಳಬಹುದು. ಕ್ಯಾನ್ವಾಸಿನ ಮಟ್ಟಿಗೆ ಆ ಮಾತು ನಿಜ. ಅಲ್ಲಿ ಇಬ್ಬರದೂ ಒಂದೇ ಗಾತ್ರ. ಆದರೆ ಬೆಟ್ಟ ಮರೆಯಾದೊಡನೆ ಅಂತರ ಎದ್ದು ಕಾಣುತ್ತದೆ. ಜಾಕೊಪಾನೆ ಊರಿನಲ್ಲಿ 1903ರಲ್ಲಿ ನಿಲ್ಲಿಸಿದ ಸ್ಮಾರಕವನ್ನು ನೋಡಿ. ತಾತ್ರಾವನ್ನು ಪಟ್ಟಣಿಗರಿಗೆ ಪರಿಚಯಿಸಿದ ವಾರ್ಸಾದ ವೈದ್ಯ ತಿತುಸ್ ಹಾವುಬಿನ್ಸ್ಕಿಯ ಎದೆಮಟ್ಟದ ಪ್ರತಿಮೆ ಎತ್ತರದ ಕಂಬದ ಮೇಲಿದೆ. ಅವನೊಡನೆ ಬೆಟ್ಟ ಸುತ್ತಿದ, ಕತೆಗಾರನೂ ವಾದಕನೂ ಆಗಿದ್ದ ಸಬಾವಾ ಕೆಳಗೆ ಪೀಠದ ಬುಡದಲ್ಲಿ ಕೂತಿದ್ದಾನೆ. ಚಿತ್ರಗಳ ಅನಾಮಿಕನಿಗೆ ಇಲ್ಲಿ ಹೆಸರು ಸಿಕ್ಕಿದೆ, ಮುಖ ಸಿಕ್ಕಿದೆ. ಸಮಾನ ಎತ್ತರ ಮಾತ್ರ ಸಿಕ್ಕಿಲ್ಲ.

ಸ್ಮಾರಕ ಕೊಡದ ಸಮಾನತೆಯನ್ನು ಹಳೆಯ ಭೂದೃಶ್ಯ ಚಿತ್ರ ತನಗರಿವಿಲ್ಲದೆಯೇ ಕೊಟ್ಟಿರಬಹುದೇ? ನನಗೆ ಹಾಗೆನ್ನಿಸುತ್ತದೆ. ಆದರೆ ಹೆಸರಿಲ್ಲದ ಸಮಾನತೆ ಅರ್ಧ ನ್ಯಾಯವಷ್ಟೇ. ಉಳಿದರ್ಧ ನೋಡುಗರ ಕೆಲಸ: ಇಂಥ ಚಿತ್ರದೆದುರು ನಿಂತಾಗ ಶಿಖರಕ್ಕೆ ಕಣ್ಣು ಹಾಯಿಸುವ ಮೊದಲು, ಇಲ್ಲಿಗೆ ನಮ್ಮನ್ನು ಕರೆತಂದವರು ಯಾರು ಎಂದು ಕೇಳಿಕೊಳ್ಳುವುದು.