ತಿದ್ದಿದ್ದೇ ತಿದ್ದಿದ್ದು, ಬರೆದಿದ್ದೆಷ್ಟು?

ಒಂದು ಕಾದಂಬರಿ ಬಂದ್ರೆ ನಾಲ್ಕು ಜನ ವಿಮರ್ಶೆ ಬರೀತಾರೆ. ಕವನ ಸಂಕಲನಕ್ಕೂ ಬೆನ್ನು ತಟ್ಟೋರು ಸಿಗ್ತಾರೆ. ಆದರೆ ಮಗುವಿನ ಕೈಗೆ ಸಿಗೋ ಮೊಟ್ಟಮೊದಲ ಪುಸ್ತಕ ಇದೆಯಲ್ಲ, ಚುಕ್ಕಿ ಚುಕ್ಕಿ ಅಕ್ಷರದ ಮೇಲೆ ಪೆನ್ಸಿಲ್ ಆಡಿಸೋ ಪುಸ್ತಕ, ಅದಕ್ಕೆ ವಿಮರ್ಶೆ ಬರೆದವರನ್ನು ನಾನಂತೂ ಕಂಡಿಲ್ಲ. ಜೂನ್ ಬಂತು ಅಂದ್ರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋದ್ರೂ ಪುಸ್ತಕದ ಅಂಗಡಿ ಮುಂದೆ ದಾರಕ್ಕೆ ನೇತುಹಾಕಿರ್ತಾರೆ. ಈ ನಾಲ್ಕೂ ಊರಿಂದ ಒಟ್ಟು ಏಳು ಪುಸ್ತಕ ಕೊಂಡುತಂದು ಪುಟ ಪುಟ ನೋಡಿದೆ. ಪ್ರಕಾಶಕರ ಹೆಸರು ಹೇಳೋಕೆ ಹೋಗಲ್ಲ. ಒಂದರ ಗುಣ-ದೋಷ ಹೆಚ್ಚುಕಮ್ಮಿ ಎಲ್ಲದರಲ್ಲೂ ಇದೆ.

ಮೊದಲೇ ಒಂದು ಮಾತು. ತಿದ್ದಿಸೋದನ್ನೇ ನಾನು ಬೈಯ್ತಿಲ್ಲ. ಕನ್ನಡದಲ್ಲಿ 'ತಿದ್ದು' ಅನ್ನೋ ಪದಕ್ಕೆ ಎರಡು ಅರ್ಥ: ಬರೆದ ಅಕ್ಷರದ ಮೇಲೆ ಕೈಯಾಡಿಸೋದು, ಮತ್ತೆ ತಪ್ಪನ್ನು ಸರಿಮಾಡೋದು. ಎರಡೂ ಒಂದೇ ಪದದಲ್ಲಿ ಕೂತಿರೋದು ಸುಮ್ಮನೆ ಅಲ್ಲ ಅನ್ಸುತ್ತೆ. ಹಿಂದೆ ತಿದ್ದಿಸೋವಾಗ ಪಕ್ಕದಲ್ಲಿ ಒಬ್ಬರು ಕೂತಿರ್ತಿದ್ರು. ಅಕ್ಕಿ ಹರಡಿದ ತಟ್ಟೆಯಲ್ಲಿ ಮಗುವಿನ ತೋರುಬೆರಳು ಹಿಡಿದು ಅಜ್ಜನೋ ಅಯ್ನೋರೋ ಓನಾಮ ಬರೆಸ್ತಿದ್ರು. ಎಲ್ಲಿ ಶುರು, ಯಾವ ಕಡೆ ತಿರುಗಬೇಕು, ಎಲ್ಲಿ ನಿಲ್ಲಬೇಕು ಅನ್ನೋದು ಕೈಯಿಂದ ಕೈಗೆ ದಾಟ್ತಿತ್ತು. ಮಗು ದಾರಿ ತಪ್ಪಿದ್ರೆ ಅಲ್ಲೇ ತಿದ್ದಾಗ್ತಿತ್ತು.

ಈ ಉಪಾಯ ನಮ್ಮದು ಮಾತ್ರ ಅಂತ ಬೀಗೋದೂ ಬೇಡ. ಸುಮಾರು 1900 ವರ್ಷ ಹಿಂದೆ ರೋಮಿನ ಕ್ವಿಂಟಿಲಿಯನ್, ಹಲಗೆ ಮೇಲೆ ಅಕ್ಷರ ಕೊರೆದು ಆ ಗೀರಿನಲ್ಲಿ ಮಗುವಿನ ಕಡ್ಡಿ ಓಡಾಡಲಿ ಅಂತ ಸಲಹೆ ಕೊಟ್ಟಿದ್ದ. ನಮ್ಮ ಕಡೆಯ ಜಗಲಿ ಶಾಲೆಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಲ್ಲಿ ಬರೆಯೋದನ್ನು ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ಮದ್ರಾಸಿನಲ್ಲಿ ನೋಡಿ, ಎಗ್ಮೋರಿನ ಅನಾಥಾಲಯದ ಶಾಲೆಯಲ್ಲಿ ಪ್ರಯೋಗ ಮಾಡಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹಾಕಿಸಿದ. ಅಲ್ಲಿ ಅದು 'ಮದ್ರಾಸ್ ಪದ್ಧತಿ' ಅಂತಲೇ ಹೆಸರಾಯ್ತು. ಮಾರಿಯಾ ಮಾಂಟೆಸೊರಿ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿ, ಮಕ್ಕಳು ಬೆರಳಾಡಿಸೋ ಹಾಗೆ ಮಾಡಿದರು. ಈ ಎಲ್ಲರಲ್ಲೂ ಒಂದು ಸಾಮಾನ್ಯ ಸಂಗತಿ ಇದೆ. ತಿದ್ದೋದು ಹೊಸಿಲು, ಮನೆ ಅಲ್ಲ. ಹೊಸಿಲು ದಾಟಿ ಒಳಗೆ ಹೋಗಬೇಕು.

ನಮ್ಮ ಪುಸ್ತಕಗಳು ಮಗುವನ್ನು ಹೊಸಿಲ ಮೇಲೇ ಕೂರಿಸ್ತವೆ.

ಮೊದಲ ದೋಷ, ಚುಕ್ಕಿ ಇದೆ, ದಾರಿ ಇಲ್ಲ. ಏಳರಲ್ಲಿ ಐದು ಪುಸ್ತಕದಲ್ಲಿ ಎಲ್ಲಿಂದ ಶುರು ಮಾಡ್ಬೇಕು ಅನ್ನೋ ಗುರುತೇ ಇಲ್ಲ. ಒಂದು ಬಾಣ, ಒಂದು ದಪ್ಪ ಚುಕ್ಕಿ, ಏನೂ ಇಲ್ಲ. ನಮ್ಮ ಲಿಪಿ ಪೂರ್ತಿ ದುಂಡು ದುಂಡು. 'ಅ' ಎಲ್ಲಿ ಶುರುವಾಗುತ್ತೆ ಅಂತ ಗೊತ್ತಿಲ್ಲದ ಮಗು ಬಳೆ ಬಿಡಿಸಿದ ಹಾಗೆ ಬಿಡಿಸುತ್ತೆ. ಒಂದು ದಿನ ಬಲಗಡೆಯಿಂದ, ಇನ್ನೊಂದು ದಿನ ಕೆಳಗಿಂದ ಮೇಲಕ್ಕೆ. ಕೊನೆಗೆ ಪುಟ ನೋಡಿದ್ರೆ ಚೆಂದವೇ ಇರುತ್ತೆ. ಆದರೆ ಕೈಗೆ ಒಂದು ರೂಢಿ ಅಂತ ಬಂದಿರಲ್ಲ. ರೂಢಿ ಬರಲಿ ಅಂತ ತಾನೇ ತಿದ್ದಿಸೋದು?

ಎರಡನೇದು, ಟೊಳ್ಳು ಅಕ್ಷರ. ಕಂಪ್ಯೂಟರಿನ ಅಚ್ಚಿನಕ್ಷರವನ್ನು ದೊಡ್ಡದು ಮಾಡಿ ಅಂಚು ಮಾತ್ರ ಉಳಿಸಿರ್ತಾರೆ. ಮಗು ಒಳ ಅಂಚು ತಿದ್ದಬೇಕೋ, ಹೊರ ಅಂಚೋ, ನಡುವೆ ಗೆರೆ ಎಳೀಬೇಕೋ? ಅಚ್ಚಿನಕ್ಷರದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತೆ. ಬರೆಯೋ ಕೈಗೆ ಆ ದಪ್ಪ-ಸಣ್ಣದ ಹಂಗಿಲ್ಲ. ಓದೋದಕ್ಕೆ ಮಾಡಿದ ಅಕ್ಷರವನ್ನು ಬರೆಯೋದಕ್ಕೆ ಕೊಟ್ಟರೆ ಹೀಗೇ ಆಗೋದು.

ಮೂರನೇದು ಎಲ್ಲಕ್ಕಿಂತ ದೊಡ್ಡದು: ಕೈ ಬಿಡಿಸೋದೇ ಇಲ್ಲ. ಮೊದಲ ಸಾಲಿನಲ್ಲಿ ಚುಕ್ಕಿ ಒತ್ತಾಗಿ, ಎರಡನೇ ಸಾಲಿನಲ್ಲಿ ವಿರಳವಾಗಿ, ಮೂರನೇದರಲ್ಲಿ ಶುರುವಿನ ಚುಕ್ಕಿ ಒಂದೇ, ನಾಲ್ಕನೇದು ಖಾಲಿ. ಹೀಗಿದ್ರೆ ಸರಿ. ಒಂದೇ ಒಂದು ಪುಸ್ತಕದಲ್ಲಿ ಹೀಗಿತ್ತು. ಉಳಿದವುಗಳಲ್ಲಿ ಮೊದಲ ಅಕ್ಷರದಿಂದ ಕೊನೇ ಅಕ್ಷರದ ತನಕ ಒಂದೇ ಒತ್ತಿನ ಚುಕ್ಕಿ.

ಇದರ ಫಲ ಏನು ಅಂತ ಮುಳಬಾಗಿಲಿನ ಪರಿಚಯದವರ ಮನೆಯಲ್ಲಿ ನೋಡಿದೆ. ಯುಕೆಜಿ ಹುಡುಗಿ, ಪುಸ್ತಕ ಪೂರ್ತಿ ಮುಗಿಸಿದ್ದಾಳೆ. ಪ್ರತಿ ಪುಟದಲ್ಲೂ ಕೆಂಪು ಶಾಯಿಯ ನಕ್ಷತ್ರ. ಅವರಮ್ಮ ಹೆಮ್ಮೆಯಿಂದ ತೋರಿಸಿದರು. ನಾನು ಒಂದು ಖಾಲಿ ಹಾಳೆ ಕೊಟ್ಟು, "ಒಂದು ಗ ಬರಿಯಮ್ಮ" ಅಂದೆ. ಅವಳು ಹಾಳೆ ತಿರುಗಿಸಿ ಹಿಂದೆ ನೋಡಿದಳು. "ಅಂಕಲ್, ಇದರಾಗೆ ಚುಕ್ಕೀನೇ ಇಲ್ವಲ್ಲ?" ಅಂದಳು. ಆಮೇಲೆ ತಾನೇ ಒಂದು ಉಪಾಯ ಹುಡುಕಿ, ಹಾಳೆ ತುಂಬ ಚುಕ್ಕಿ ಇಡೋಕೆ ಶುರುಮಾಡಿದಳು. ಜಾಣೆ. ಆದರೆ ಆ ಚುಕ್ಕಿಗಳು ಗ ಆಗಲಿಲ್ಲ. ಅವರಮ್ಮ, "ಅಯ್ಯೋ, ಮನೆಯಾಗೆ ದಿನಾ ಬರೀತಾಳೆ ಸಾರ್" ಅಂದರು. ಬರೀತಿರಲಿಲ್ಲ, ತಿದ್ದುತಿದ್ದಳು. ಅಕ್ಷರ ಪುಸ್ತಕದಲ್ಲಿತ್ತು, ಅವಳ ತಲೆಗೆ ಇಳಿದಿರಲಿಲ್ಲ.

ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತೆ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಕೆಲವು ಅಕ್ಷರ ಕೈಯಾರೆ ಬರೆಯೋಕೆ, ಕೆಲವು ತಿದ್ದೋಕೆ, ಕೆಲವು ಕೀಲಿಮಣೆಯಲ್ಲಿ ಒತ್ತೋಕೆ ಹೇಳಿ, ಆಮೇಲೆ ಆ ಅಕ್ಷರ ನೋಡುವಾಗ ಮೆದುಳು ಹೇಗೆ ಕೆಲಸ ಮಾಡುತ್ತೆ ಅಂತ ಸ್ಕ್ಯಾನ್ ಮಾಡಿದರು. ಓದುವಾಗ ಚುರುಕಾಗೋ ಮೆದುಳಿನ ಭಾಗಗಳು ಕೈಯಾರೆ ಬರೆದ ಅಕ್ಷರಕ್ಕೆ ಎಚ್ಚೆತ್ತವು. ತಿದ್ದಿದ್ದಕ್ಕೂ ಒತ್ತಿದ್ದಕ್ಕೂ ಹಾಗೆ ಆಗಲಿಲ್ಲ. ಚಿಕ್ಕ ಗುಂಪು, ಇಂಗ್ಲಿಷ್ ಅಕ್ಷರ. ಹಾಗಾಗಿ ಇದೊಂದರಿಂದಲೇ ತೀರ್ಪು ಕೊಡೋಕಾಗಲ್ಲ. ಆದರೂ ಮಗು ತಾನೇ ಬರೆದಾಗ ಅಂಕುಡೊಂಕಾಗಿ, ಒಂದೊಂದು ಸಲ ಒಂದೊಂದು ಥರ ಬರುತ್ತಲ್ಲ, ಆ ಸೊಟ್ಟತನದಿಂದಲೇ 'ಇಷ್ಟು ವ್ಯತ್ಯಾಸ ಆದ್ರೂ ಇದು ಗ ನೇ' ಅಂತ ಮೆದುಳಿಗೆ ತಿಳಿಯುತ್ತೆ ಅನ್ನೋ ಅವರ ವಿವರಣೆ ನನಗೆ ಸರಿ ಕಾಣುತ್ತೆ. ನಾವು ನಕ್ಷತ್ರ ಕೊಡೋದು ಮಾತ್ರ ಸೊಟ್ಟ ಇಲ್ಲದ ಪುಟಕ್ಕೆ.

ಇನ್ನು ಅಕ್ಷರಗಳ ಸಾಲು. ಏಳೂ ಪುಸ್ತಕ ವರ್ಣಮಾಲೆ ಕ್ರಮದಲ್ಲೇ ಹೋಗ್ತವೆ. 49 ಅಕ್ಷರಕ್ಕೂ ಸಮಪಾಲು. 'ಅ' ಗೆ ಒಂದು ಪುಟ, 'ಙ' ಗೂ ಒಂದು ಪುಟ. ಙ ಒಂದನ್ನು ಬಿಡಿಯಾಗಿ ಬರೆಯೋ ಪ್ರಸಂಗ ಆ ಮಗುವಿಗೆ ಜೀವಮಾನದಲ್ಲಿ ಎಷ್ಟು ಸಲ ಬಂದೀತು? ಮೊದಲ 15 ಅಕ್ಷರ ತಿದ್ದಿ ಮುಗಿಸಿದ ಮಗು ಆ, ಈ, ಓ ಅನ್ನೋದು ಬಿಟ್ಟು ಒಂದು ಪದ ಬರೆಯೋ ಹಾಗಿಲ್ಲ. ಅದೇ ನಮ್ಮ ಸರ್ಕಾರಿ ಶಾಲೆಯ ದಾರಿ ನೋಡಿ: ರ ಗ ಸ ದ ಅ. ಐದೇ ಅಕ್ಷರ. ಸರ, ರಸ, ದರ, ಅರಸ, ಅಗಸ, ಗರಗಸ ಅಂತ ಮಗು ಬರೆದೇ ಬಿಡುತ್ತೆ. ಕೈ ತಿರುಗೋ ರೀತಿಯಲ್ಲೂ ಅವು ಒಂದಕ್ಕೊಂದು ನೆಂಟರು.

ಸರ್ಕಾರಿ ಶಾಲೆ ಅಂದ ಕೂಡಲೇ ಮೂಗು ಮುರಿಯೋರಿಗೆ ಒಂದು ಕಥೆ. ನಲಿ-ಕಲಿ ಹುಟ್ಟಿದ್ದು 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಮೇಷ್ಟ್ರುಗಳು ನೋಡಿ ಬಂದಿದ್ದು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು. ಮದನಪಲ್ಲಿ ಅಂದ್ರೆ ನಮ್ಮ ಶ್ರೀನಿವಾಸಪುರದಿಂದ ಗಡಿ ದಾಟಿದರೆ ಸಿಗೋ ಊರು! ನಮ್ಮ ಪಕ್ಕದ ಮನೆಯ ವಿದ್ಯೆ ಕಾಡಂಚಿನ ಕೋಟೆಗೆ ಹೋಗಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದಾಗ ನಮ್ಮಲ್ಲಿಗೆ ಬಂತು. ಕಲಿಕಾ ಏಣಿ, ಮೈಲಿಗಲ್ಲು, ಮಕ್ಕಳ ಎತ್ತರಕ್ಕೇ ಗೋಡೆಗೆ ಬಳಿದ ಕಪ್ಪುಹಲಗೆ. ಆ ಹಲಗೆ ಮೇಲೆ ಚುಕ್ಕಿ ಇರಲ್ಲ. ಮಗು ಬರೀಬೇಕು, ಅಳಿಸಬೇಕು, ಮತ್ತೆ ಬರೀಬೇಕು. ನಡೆಸೋದರಲ್ಲಿ ನೂರು ಕೊರತೆ ಇರಬಹುದು, ಕಾರ್ಡು ಹರಿದಿರಬಹುದು, ಒಬ್ಬರೇ ಟೀಚರು ಮೂರು ತರಗತಿ ನೋಡ್ತಿರಬಹುದು. ಆದರೆ ಆಲೋಚನೆ ಈ ಬಣ್ಣದ ಪುಸ್ತಕಗಳಿಗಿಂತ ಗಟ್ಟಿ.

ನಮ್ಮ ಜಿಲ್ಲೆಗೇ ಸೇರಿದ ಒಂದು ಮಾತು ಉಳೀತು. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಇದೇನು ಹೊಸದಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಮನೆಮಾತು ಬೇರೆ ಆಗಿದ್ದಕ್ಕೆ ಯಾರೂ ಕನ್ನಡದಲ್ಲಿ ಹಿಂದೆ ಬೀಳಬೇಕಿಲ್ಲ. ಆದರೆ ಮೊದಲ ಪುಸ್ತಕ ಮಗುವಿಗೆ ಅಡ್ಡಗಾಲು ಹಾಕಬಾರದು. ಚಿತ್ರ ನೋಡಿ: 'ಆ' ಪಕ್ಕ ಆನೆ. ಶ್ರೀನಿವಾಸಪುರದ ತೆಲುಗು ಮಗು ಅದನ್ನು ನೋಡಿ 'ಏನುಗು' ಅನ್ನುತ್ತೆ. 'ಇ' ಪಕ್ಕ ಇಲಿ, ಮಗು 'ಎಲುಕ' ಅನ್ನುತ್ತೆ. 'ಎ' ಪಕ್ಕ ಎಲೆ, ಮಗು 'ಆಕು' ಅನ್ನುತ್ತೆ. ಆ ಇದ್ದಲ್ಲಿ ಏ, ಇ ಇದ್ದಲ್ಲಿ ಎ, ಎ ಇದ್ದಲ್ಲಿ ಆ! ಚಿತ್ರ ಇಟ್ಟಿದ್ದು ಶಬ್ದ ನೆನಪಾಗಲಿ ಅಂತ. ಇಲ್ಲಿ ಅದು ದಾರಿ ತಪ್ಪಿಸುತ್ತೆ. ಆಮೇಲೆ 'ಈ ಮಕ್ಕಳಿಗೆ ಅಕ್ಷರವೇ ಹತ್ತಲ್ಲ' ಅಂತ ದೂರು ಬೇರೆ.

ಇದಕ್ಕೆ ಮದ್ದು ನಮ್ಮ ಊರುಗಳಲ್ಲೇ ಬಿದ್ದಿದೆ. ಮಾಲೂರಿನ ಇಟ್ಟಿಗೆ ತೆಲುಗಲ್ಲಿ ಇಟುಕ, ಎರಡಕ್ಕೂ 'ಇ'. ಶ್ರೀನಿವಾಸಪುರದ ಮಾವು ಅಲ್ಲಿ ಮಾಮಿಡಿ, ಎರಡಕ್ಕೂ 'ಮ'. ರಾಗಿ ರಾಗುಲು ಆದ್ರೂ 'ರ' ಬಿಡಲ್ಲ. ಸಂತೆ ಸಂತ ಆದ್ರೂ 'ಸ' ಬಿಡಲ್ಲ. ಮುಳಬಾಗಿಲು ದೋಸೆಗೆ ಭಾಷೆಯ ಜಗಳವೇ ಇಲ್ಲ. ಕೋಲಾರದ ಮಾರುಕಟ್ಟೆಯ ಟೊಮೆಟೊಗೂ ಇಲ್ಲ. ಅಮ್ಮ, ಅಕ್ಕ ಅಂತೂ ಇದ್ದೇ ಇದ್ದಾರೆ. ರಾಗಿಯಲ್ಲಿ ದೀರ್ಘ ಇದೆ, ದೋಸೆಯಲ್ಲಿ ಓತ್ವ ಇದೆ, ನಿಜ. ಅವನ್ನು ಬರೆಸೋದು ಕಾಗುಣಿತ ಬಂದಮೇಲೆ. ನೋಡಿ ಶಬ್ದ ಹಿಡಿಯೋಕೆ ಚಿತ್ರವಾಗಿ ಈಗಲೇ ಸಾಕು. ಈ ನಾಲ್ಕು ತಾಲ್ಲೂಕಿಗೆ ಹೀಗೊಂದು 20 ಪುಟದ ಪುಸ್ತಕ ಮಾಡೋದು ಕಷ್ಟದ ಕೆಲಸವೇನಲ್ಲ.

ತಿದ್ದಿಸೋದರಿಂದ ಇಲ್ಲಿ ನಿಜವಾಗಿ ಉಪಯೋಗ ಆಗೋ ಜಾಗವೂ ಒಂದಿದೆ. ನಂಗಲಿ ಕಡೆ ಮಗು ಬಸ್ಸಿನ ಬೋರ್ಡಿನಲ್ಲಿ ಎರಡೂ ಲಿಪಿ ನೋಡುತ್ತೆ. ಅಕ್ಕ-ತಂಗಿ ಲಿಪಿಗಳು, ತಲೆಕಟ್ಟು ಬೇರೆ. ತೆಲುಗಿನದು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತೆ, ನಮ್ಮದು ಅಡ್ಡ ಮಲಗುತ್ತೆ. ಅದನ್ನು ಕೈಗೆ ಕೂರಿಸೋಕೆ ನಾಲ್ಕು ಸಲ ತಿದ್ದಿಸಿದರೆ ಒಳ್ಳೇದು. ಪ ಮತ್ತು ಷ, ದ ಮತ್ತು ಧ ಮಾತ್ರ ಬೇರೆ ಬೇರೆ ಪುಟದಲ್ಲಿ ಎಷ್ಟು ತಿದ್ದಿಸಿದರೂ ಗೊಂದಲ ಹೋಗಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು, ಗೀರು ಎಲ್ಲಿ ಬಂತು ಅಂತ ಮಗುವಿನ ಬಾಯಲ್ಲೇ ಹೇಳಿಸಬೇಕು.

ಮನೆಯಲ್ಲಿ ಈಗಾಗಲೇ ಪುಸ್ತಕ ಇದ್ದರೆ ಬಿಸಾಕೋದು ಬೇಡ, 40 ರೂಪಾಯಿ ಕೊಟ್ಟಿರ್ತೀರಿ. ಪ್ರತಿ ಅಕ್ಷರಕ್ಕೆ ಶುರುವಿನ ಜಾಗದಲ್ಲಿ ನೀವೇ ಒಂದು ಕೆಂಪು ಚುಕ್ಕಿ ಇಡಿ. ಮೊದಲು ಬೆರಳು, ಆಮೇಲೆ ಪೆನ್ಸಿಲು. ಬರೆಯುವಾಗ ಶಬ್ದ ಬಾಯಿಬಿಟ್ಟು ಹೇಳಲಿ. ಮೂರು ಸಲ ತಿದ್ದಿದ ಮೇಲೆ ಪುಟ ಮುಚ್ಚಿ, ಸ್ಲೇಟೋ ಮರಳೋ ರಾಗಿ ಹಿಟ್ಟೋ ಕೊಟ್ಟು ನೋಡದೆ ಬರೆಯೋಕೆ ಹೇಳಿ. ಸೊಟ್ಟ ಬರುತ್ತೆ. ಬರಲಿ. ನಕ್ಷತ್ರ ಕೊಡೋದಾದರೆ ಆ ಸೊಟ್ಟ ಅಕ್ಷರಕ್ಕೆ ಕೊಡಿ.