‘ಬೈಜಾಂಟೈನ್ ದಳಪತಿಗಳ ಸಮಸ್ಯೆ’: ಸಾಕ್ಷ್ಯದೃಷ್ಟಿಯಿಂದ ಒಂದು ವಿಮರ್ಶೆ

ಲೆಸ್ಲಿ ಲ್ಯಾಂಪೋರ್ಟ್, ರಾಬರ್ಟ್ ಷೋಸ್ಟಾಕ್, ಮಾರ್ಷಲ್ ಪೀಸ್ ಎಂಬ ಮೂವರು ವಿದ್ವಾಂಸರು 1982ರಲ್ಲಿ ಪ್ರಕಟಿಸಿದ ‘ಬೈಜಾಂಟೈನ್ ದಳಪತಿಗಳ ಸಮಸ್ಯೆ’ ಎಂಬ ಪ್ರಬಂಧವು ಗಣಕಶಾಸ್ತ್ರಕ್ಕೆ ಸೇರಿದ್ದು. ಇತಿಹಾಸದ ಅಧ್ಯಾಪಕರಾದ ನಮಗೆ ಅದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಹಲವು ಬಾಯಿಗಳಿಂದ ಬಂದ ವರದಿಗಳಲ್ಲಿ ಯಾವುದನ್ನು, ಯಾವ ಆಧಾರದ ಮೇಲೆ ನಂಬಬೇಕೆಂಬುದೇ ಆ ಪ್ರಬಂಧದ ತಿರುಳಾದುದರಿಂದ ಅದು ನಮ್ಮ ವಿಚಾರಕ್ಕೂ ಅರ್ಹವಾಗಿದೆ.

ಪ್ರಬಂಧದ ಕಥೆ ಸರಳವಾದುದು. ಒಂದು ನಗರಕ್ಕೆ ಮುತ್ತಿಗೆ ಹಾಕಿದ ಸೇನೆಯ ದಳಗಳು ಬೇರೆ ಬೇರೆ ಕಡೆ ಬೀಡುಬಿಟ್ಟಿವೆ. ದಾಳಿಯೋ ಹಿಂಜರಿತವೋ, ನಿಷ್ಠರಾದ ದಳಪತಿಗಳೆಲ್ಲರೂ ದೂತರ ಮೂಲಕವೇ ಒಂದು ನಿರ್ಣಯಕ್ಕೆ ಬರಬೇಕು. ಆದರೆ ಅವರ ನಡುವೆ ದ್ರೋಹಿಗಳಿದ್ದಾರೆ. ದಳಪತಿಗಳ ಸ್ಥಾನದಲ್ಲಿ ಸರ್ವರುಗಳನ್ನಿಟ್ಟರೆ ಇಂದಿನ ಹಂಚಿಕೆಯ ದತ್ತಸಂಚಯದ ಚಿತ್ರ ದೊರೆಯುತ್ತದೆ: ಒಂದೇ ಲೆಕ್ಕದ ಪ್ರತಿಗಳು ಹಲವು ಊರುಗಳಲ್ಲಿವೆ, ಯಾವುದೋ ಒಂದು ಪ್ರತಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಹೇಳುತ್ತಿದೆ. ಮೂವರಲ್ಲಿ ಒಬ್ಬ ದ್ರೋಹಿಯಾದರೂ ಬರಿಯ ಬಾಯಿಮಾತಿನಿಂದ ಒಮ್ಮತ ಸಾಧ್ಯವಿಲ್ಲ. ‘ದಾಳಿ ಮಾಡು’ ಎಂದು ನಾಯಕನಿಂದಲೂ ‘ನಾಯಕನು ನನಗೆ ಹಿಂದೆ ಸರಿ ಎಂದಿದ್ದಾನೆ’ ಎಂದು ಜೊತೆಗಾರನಿಂದಲೂ ಕೇಳಿದವನಿಗೆ, ಇಬ್ಬರಲ್ಲಿ ಸುಳ್ಳು ಯಾರದೆಂದು ತಿಳಿಯುವ ದಾರಿಯೇ ಇಲ್ಲ. ಒಬ್ಬ ದ್ರೋಹಿಯನ್ನು ತಾಳಿಕೊಳ್ಳಲು ನಾಲ್ವರು ಬೇಕು. ಇಬ್ಬರಿಗೆ ಏಳು, ಮೂವರಿಗೆ ಹತ್ತು. ಈ ಸಾಧನೆಯಲ್ಲಿ ದೋಷವಿಲ್ಲ. ಸರ್ವರು ಸುಮ್ಮನೆ ಕೆಟ್ಟು ನಿಲ್ಲುವುದಷ್ಟೇ ಭಯವಾದರೆ ಮೂರರಿಂದಲೇ ಕೆಲಸ ನಡೆಯುತ್ತದೆ. ಸುಳ್ಳಾಡುವ ಸಾಧ್ಯತೆಗೆ ತೆರಬೇಕಾದ ಬೆಲೆ ನಾಲ್ಕನೆಯದು.

ಹೆಸರಿನ ಬಗ್ಗೆ ಒಂದು ಮಾತು. ಯಾವ ನಾಡಿನವರ ಮನಸ್ಸೂ ನೋಯದಿರಲೆಂದು ಅಲ್ಬೇನಿಯದವರನ್ನು ಬಿಟ್ಟು ಬೈಜಾಂಟೈನರನ್ನು ಆರಿಸಿದುದಾಗಿ ಲ್ಯಾಂಪೋರ್ಟರೇ ಬರೆದಿದ್ದಾರೆ. ಕಥೆಗೆ ಚರಿತ್ರೆಯ ಆಧಾರವೇನೂ ಇಲ್ಲ. ಆದರೆ ಆ ಚರಿತ್ರೆಯಲ್ಲಿ ಹೊಂದುವ ನಿದರ್ಶನವೊಂದಿದೆ. 1071ರ ಮಂಜಿಕರ್ಟ್ ಕದನದಲ್ಲಿ ಹಿಂದಳದ ನಾಯಕ ಆಂಡ್ರೋನಿಕೋಸ್ ಡೂಕಾಸನು ಚಕ್ರವರ್ತಿ ಸೋತನೆಂಬ ಸುದ್ದಿ ಹಬ್ಬಿಸಿ ಸೇನೆಯನ್ನು ಹಿಂದೆಗೆದನೆಂದು ಆಪಾದನೆಯಿದೆ. ರೊಮಾನೋಸ್ ಚಕ್ರವರ್ತಿ ತುರುಕರಿಗೆ ಸೆರೆಸಿಕ್ಕಿದನು. ಡೂಕಾಸರದು ರೊಮಾನೋಸನಿಗೆ ಪ್ರತಿಸ್ಪರ್ಧಿಯಾದ ಮನೆತನ. ದ್ರೋಹ ಅಲ್ಲಿ ಎಲ್ಲಿಂದಲೋ ಉದುರಿ ಬಂದುದಲ್ಲ.

ನಮ್ಮ ಆಕ್ಷೇಪ ಇಲ್ಲಿಂದಲೇ ಹೊರಡುತ್ತದೆ. ಪ್ರಬಂಧಕ್ಕೆ ದ್ರೋಹಿಯ ಉದ್ದೇಶ ಬೇಡ. ಸುಳ್ಳುಗಾರನೂ ಎಡವಿದವನೂ ಅದಕ್ಕೆ ಒಂದೇ. ಗಣಿತಕ್ಕೆ ಇದರಿಂದ ಬಲ ಬಂದಿರುವುದು ನಿಜ. ಆದರೆ ಇತಿಹಾಸಕಾರನು ಉದ್ದೇಶವನ್ನು ವಿಚಾರಿಸುವುದು ಬರಿಯ ಕುತೂಹಲದಿಂದಲ್ಲ. ಯಾರು ಯಾರು ಒಟ್ಟಿಗೆ ತಪ್ಪುವರೆಂಬುದು ಅದರಿಂದ ತಿಳಿಯುತ್ತದೆ. ಒಂದೇ ಓಲೆಯಿಂದ ಇಳಿದ ಐದು ಪ್ರತಿಗಳು ಐದು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ದ್ರೋಹಿಗಳು ಇಷ್ಟಕ್ಕೆ ಮೀರಿಲ್ಲವೆಂಬ ಸಂಖ್ಯೆಯನ್ನು ಪ್ರಬಂಧವು ದತ್ತವೆಂದು ಹಿಡಿಯುತ್ತದೆ. ನಾಲ್ಕು ಸರ್ವರುಗಳಲ್ಲಿಯೂ ಒಂದೇ ಕ್ರಮವಿಧಿ ಓಡುತ್ತಿದ್ದು, ಅದರಲ್ಲಿಯೇ ದೋಷವಿದ್ದರೆ, ನಾಲ್ಕೂ ಒಮ್ಮನಸ್ಸಿನಿಂದ ತಪ್ಪುತ್ತವೆ. ಬಹುಮತವು ತಪ್ಪಿಗೇ ಮುದ್ರೆಯೊತ್ತುತ್ತದೆ. ಮಿಗೆಲ್ ಕ್ಯಾಸ್ಟ್ರೊ ಮತ್ತು ಬಾರ್ಬರಾ ಲಿಸ್ಕೊವ್ 1999ರಲ್ಲಿ ಈ ಸಿದ್ಧಾಂತವನ್ನು ಬಳಕೆಗೆ ತಂದಾಗ, ಸರ್ವರುಗಳ ಕ್ರಮವಿಧಿ, ನಿರ್ವಾಹಕ, ಗುಪ್ತಪದ ಎಲ್ಲವೂ ಬೇರೆ ಬೇರೆಯಾಗಿರಬೇಕೆಂದು ಸೂಚಿಸಿದುದು ವಿವೇಕದ ಮಾತು. ಅದೂ ಸಾಲದೆಂದು ತೋರುತ್ತದೆ. ನೈಟ್ ಮತ್ತು ಲೆವೆಸನ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಸಮಸ್ಯೆಗೆ 27 ಕ್ರಮವಿಧಿಗಳನ್ನು ಪ್ರತ್ಯೇಕವಾಗಿ ಬರೆಯಿಸಿ ಹತ್ತು ಲಕ್ಷ ಪರೀಕ್ಷೆಗಳಿಗೆ ಒಡ್ಡಿದರು. ಸ್ವತಂತ್ರವಾಗಿ ಬರೆದವುಗಳೂ ಒಂದೇ ಸಂದರ್ಭದಲ್ಲಿ ತಪ್ಪಿದುದು ಆಕಸ್ಮಿಕವೆನ್ನಲಾಗದಷ್ಟಿತ್ತು. ಕಠಿಣವಾದ ಎಡೆಯಲ್ಲಿ ಲಿಪಿಕಾರರೆಲ್ಲ ಒಂದೇ ಬಗೆಯಾಗಿ ಎಡವುವುದನ್ನು ಬಲ್ಲ ಗ್ರಂಥಸಂಪಾದಕರಿಗೆ ಇದು ಹೊಸತಲ್ಲ.

ಪ್ರಬಂಧದ ಉತ್ತರಭಾಗದಲ್ಲಿ ಸಹಿ ಹಾಕಿದ ಸಂದೇಶಗಳ ವಿಚಾರವಿದೆ. ಸಹಿಯನ್ನು ಕೃತಕವಾಗಿ ಸೃಷ್ಟಿಸಲು ಬಾರದೆಂದು ಒಪ್ಪಿದರೆ ಮೂವರೇ ಸಾಕಾಗುತ್ತದೆ, ಏಕೆಂದರೆ ನಾಯಕನು ಹೇಳದುದನ್ನು ಹೇಳಿದನೆಂದು ಯಾರೂ ಸಾಧಿಸಲಾರರು. ಸರಿಯೆ, ಆದರೆ ಭಾರವೆಲ್ಲವೂ ಮುದ್ರೆಯನ್ನು ಇಟ್ಟುಕೊಂಡವನ ಮೇಲೆ ಬೀಳುತ್ತದೆ. ಸರ್ವರುಗಳ ಗುರುತಿಗೆ ಪ್ರಮಾಣಪತ್ರ ಕೊಡುತ್ತಿದ್ದ ನೆದರ್ಲೆಂಡಿನ ಡಿಜಿನೋಟಾರ್ ಸಂಸ್ಥೆಯೊಳಕ್ಕೆ 2011ರಲ್ಲಿ ಕಳ್ಳರು ನುಗ್ಗಿ 500ಕ್ಕೂ ಹೆಚ್ಚು ಹುಸಿ ಪತ್ರಗಳನ್ನು ಹೊರಡಿಸಿದರು. ಸಹಿಗಳಲ್ಲಿ ಕುಂದೇನೂ ಇರಲಿಲ್ಲ. ಸಂಸ್ಥೆ ಅದೇ ವರ್ಷ ದಿವಾಳಿಯಾಯಿತು. ಇಂಥ ಪತ್ರವನ್ನು ಪರೀಕ್ಷಿಸುವ ಬಗೆಯನ್ನು ಪ್ರಬಂಧ ಹೇಳುವುದಿಲ್ಲ; ಹೇಳಬೇಕಾದ ಹೊಣೆಯೂ ಅದಕ್ಕಿರಲಿಲ್ಲವೆನ್ನಬಹುದು. ನಮ್ಮಲ್ಲಿ ಪಶ್ಚಿಮ ಗಂಗರ ತಾಮ್ರಶಾಸನಗಳನ್ನು ಕುರಿತು ಜೆ. ಎಫ್. ಫ್ಲೀಟರಿಗೂ ಬಿ. ಎಲ್. ರೈಸರಿಗೂ ನಡೆದ ವಾದವು ಈ ಪರೀಕ್ಷೆಯನ್ನೇ ಕುರಿತದ್ದು. ಶಾಸನವು ತಾನೇ ಹೇಳಿಕೊಳ್ಳುವುದನ್ನು ಬದಿಗಿಟ್ಟು, ಫ್ಲೀಟರು ಲಿಪಿಯ ಕಾಲವನ್ನೂ ತೇದಿಯ ಲೆಕ್ಕವನ್ನೂ ನೋಡಿ ಹಲವನ್ನು ಕೂಟಶಾಸನಗಳೆಂದು ತಳ್ಳಿದರು. ಅವರ ತೀರ್ಪುಗಳೆಲ್ಲವೂ ನಿಂತಿಲ್ಲ. ಪ್ರಬಂಧದ ಈ ಭಾಗವನ್ನು ಓದುವ ವಿದ್ಯಾರ್ಥಿಗಳು ಆ ವಾದವನ್ನೂ ಜೊತೆಗಿಟ್ಟುಕೊಂಡು ಓದುವುದು ಲೇಸು.